ವಾಕಿಂಗ್ ಫುಟ್ ಜೊತೆ ಎರಡು ವರ್ಷ: ಗೆರೆ ನೆಟ್ಟಗೆ, ಸ್ಕ್ರೂ ಸಡಿಲ

ವಾಕಿಂಗ್ ಫುಟ್ ಅಂದರೆ ಹೊಲಿಗೆ ಮಷೀನಿನಲ್ಲಿ ಬಟ್ಟೆ ಒತ್ತಿ ಹಿಡಿಯುವ ಮಾಮೂಲಿ ಫುಟ್‌ನ ಜಾಗಕ್ಕೆ ಹಾಕುವ, ಮೇಲಿನ ಬಟ್ಟೆಯನ್ನೂ ಸರಿಸುವ ಬಿಡಿಭಾಗ. ಮೊದಲು ಜಗಳದ ವಿಷಯ ಹೇಳಿಬಿಡುತ್ತೇನೆ. ಈ ಫುಟ್ ಹಾಕಿದ ಮೇಲೆ ನನ್ನ ಮಷೀನಿನ ಸೂಜಿ ಹಿಡಿಯುವ ಸ್ಕ್ರೂ ಒಂದು ದಿನವೂ ಬಿಗಿಯಾಗಿ ನಿಂತಿಲ್ಲ. ಹೊಸದರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಮೂರನೇ ದಿನ ಕೌದಿಯ ನಟ್ಟನಡುವೆ ಹೊಲಿಯುತ್ತಿದ್ದೆ. ಸೂಜಿ ಮೆಲ್ಲಗೆ ಕೆಳಗೆ ಜಾರಿ, ಸೂಜಿಯ ಕೆಳಗಿನ ಲೋಹದ ತಟ್ಟೆಗೆ ಬಡಿದು ಎರಡು ತುಂಡಾಯಿತು. ಮುರಿದ ತುದಿ ಎಲ್ಲಿ ಹಾರಿತೋ ಅಂತ ಅರ್ಧ ಗಂಟೆ ಟಾರ್ಚ್ ಹಿಡಿದು ನೆಲವೆಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಕೌದಿಯ ಹತ್ತಿಯ ಒಳಗೇ, ಅದೂ ನನ್ನ ಬೆರಳಿಗೆ ಚುಚ್ಚಿದ ಮೇಲೆ.

ಯಾಕೆ ಹೀಗೆ ಅಂದರೆ, ಈ ಫುಟ್‌ನ ಪಕ್ಕದಲ್ಲಿ ಕವಲೊಡೆದ ಒಂದು ಸಣ್ಣ ಕೈ ಇದೆ. ಅದು ಸೂಜಿಯ ಸ್ಕ್ರೂವನ್ನು ಕಚ್ಚಿಕೊಂಡು ಕೂರಬೇಕು. ಸೂಜಿ ಏರಿದಾಗ ಕೈಯೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಆ ಏರಿಳಿತದಿಂದಲೇ ಫುಟ್‌ನಲ್ಲಿರುವ ಹಲ್ಲುಗಳು ಮೇಲಿನ ಬಟ್ಟೆಯನ್ನು, ತಟ್ಟೆಯೊಳಗಿಂದ ಬಟ್ಟೆ ಸರಿಸುವ ಕೆಳಗಿನ ಹಲ್ಲುಗಳ ಹೆಜ್ಜೆಗೆ ಸರಿಯಾಗಿ, ಹಿಂದಕ್ಕೆ ಸರಿಸುತ್ತವೆ. ಅಂದರೆ ಹೊಲಿದಷ್ಟೂ ಹೊತ್ತು ಆ ಸ್ಕ್ರೂಗೆ ಏಟು ಬೀಳುತ್ತಲೇ ಇರುತ್ತದೆ. ಡಬ್ಬಿಯಲ್ಲಿದ್ದ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಬೇಡ್ವಾ? ಇರಲಿಲ್ಲ.

ಈಗ ಒಂದು ಪುಟ್ಟ ಸ್ಕ್ರೂಡ್ರೈವರಿಗೆ ದಾರ ಕಟ್ಟಿ ಮಷೀನಿನ ಕತ್ತಿಗೇ ನೇತು ಹಾಕಿದ್ದೇನೆ. ಕೆಳದಾರ ಸುತ್ತಿದ ಬಾಬಿನ್ ಬದಲಿಸಿದಾಗಲೆಲ್ಲ ಸ್ಕ್ರೂಗೆ ಒಂದು ತಿರುವು. ಕೈಬೆರಳಲ್ಲಿ ತಿರುಗಿಸಿದರೆ ಸಾಲೋದಿಲ್ಲ. ಆಮೇಲೆ ತಟ್ಟೆ ಬಿಚ್ಚಿ, ಹಳೇ ಪೇಂಟಿಂಗ್ ಬ್ರಶ್‌ನಿಂದ ಹಲ್ಲುಗಳ ನಡುವಿನ ಹತ್ತಿ ಧೂಳು ತೆಗೆಯುತ್ತೇನೆ. ಒಂದು ಬಾಬಿನ್ ಖಾಲಿಯಾಗುವಷ್ಟರಲ್ಲಿ ಅಲ್ಲಿ ಬೂದು ಬಣ್ಣದ ಒಂದು ಮೆತ್ತೆಯೇ ಕೂತಿರುತ್ತದೆ. ಅದನ್ನು ಇಡಿಯಾಗಿ ಎತ್ತಿ ತೆಗೆಯುವುದರಲ್ಲಿ ಒಂಥರಾ ಖುಷಿ ಇದೆ, ಯಾಕೋ ಗೊತ್ತಿಲ್ಲ. ಬಾಯಲ್ಲಿ ಮಾತ್ರ ಊದಬೇಡಿ. ಧೂಳು ಇನ್ನೂ ಒಳಗೆ ಹೋಗುತ್ತದೆ, ಉಸಿರಿನ ಪಸೆ ಬೇರೆ.

ಇಷ್ಟು ಬೈದರೂ ಎರಡು ವರ್ಷ ಇಟ್ಟುಕೊಂಡಿದ್ದೇನೆ ಅಂದರೆ ಕಾರಣ ಇರಬೇಕಲ್ವಾ? ಮಾಮೂಲಿ ಫುಟ್‌ನಲ್ಲಿ ಮೇಲಿನ ಬಟ್ಟೆ, ಹತ್ತಿ, ಅಸ್ತರ ಅಂತ ಮೂರು ಪದರ ಹೊಲಿದು ನೋಡಿ, ಗೊತ್ತಾಗುತ್ತದೆ. ಕೆಳಗಿನ ಬಟ್ಟೆ ಮುಂದೆ ಓಡುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಗೆರೆ ಮುಗಿಯುವ ಹೊತ್ತಿಗೆ ಅಂಚಿನಲ್ಲಿ ಒಂದು ದಪ್ಪ ಮಡಿಕೆ. ನನ್ನ ಮೊದಲ ದಿಂಬಿನ ಕವರು ಚೌಕವಾಗಬೇಕಿತ್ತು, ಗಾಳಿಪಟದ ಆಕಾರಕ್ಕೆ ಬಂತು. ವಾಕಿಂಗ್ ಫುಟ್ ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರಿಗೆ ಇಟ್ಟು, ನಿಧಾನಕ್ಕೆ ಹೊಲಿದರೆ ಮಡಿಕೆ ಇಲ್ಲ. ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ ಅಂತಲ್ಲ. ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ, ಮುಷ್ಟಿಯಷ್ಟು ಅಂತರಕ್ಕೊಂದು ಸೇಫ್ಟಿ ಪಿನ್ನು ಹಾಕಲೇಬೇಕು. ಒಂದು ಸಲ ಸೋಮಾರಿತನ ಮಾಡಿ ಪಿನ್ನು ಕಡಿಮೆ ಹಾಕಿದೆ. ಅಸ್ತರದ ಕಡೆ ಎರಡು ನೆರಿಗೆ ಬಿದ್ದವು. ಬಿಚ್ಚಲು ಮನಸ್ಸು ಬರಲಿಲ್ಲ, ಹಾಗೇ ಇವೆ.

ಜೊತೆಗೆ ಬಂದಿದ್ದ, ಗೆರೆಗಳ ಅಂತರ ಅಳೆಯುವ ಕಡ್ಡಿ ಮಾತ್ರ ದಂಡ. ಹತ್ತು ಇಂಚು ಹೊಲಿಯುವಷ್ಟರಲ್ಲಿ ಜಾರುತ್ತದೆ. ಅದರ ಬದಲು ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ ಪಕ್ಕದಲ್ಲಿ ಹೊಲಿಯುತ್ತೇನೆ. ಹೊಲಿದ ಕೂಡಲೇ ಕಿತ್ತುಬಿಡಬೇಕು, ಇಲ್ಲದಿದ್ದರೆ ಬಟ್ಟೆಗೆ ಗೋಂದು ಹತ್ತುತ್ತದೆ.

ಬಳ್ಳಿ, ಸುರುಳಿ ಹೊಲಿಯುತ್ತೇನೆ ಅನ್ನುವವರಿಗೆ ಇದು ಅಲ್ಲ. ಅದಕ್ಕೆ ಬೇರೆ ಫುಟ್ ಹಾಕಿ, ಕೆಳಗಿನ ಹಲ್ಲು ಇಳಿಸಿ, ಬಟ್ಟೆಯನ್ನು ಕೈಯಲ್ಲೇ ಆಡಿಸಬೇಕು. ಕೈ ನಿಧಾನವಾದರೆ ಇರುವೆ ಸಾಲಿನಂಥ ಹೊಲಿಗೆ, ಅವಸರ ಮಾಡಿದರೆ ಮಾರುದ್ದದ ಹೊಲಿಗೆ. ನಾನಿನ್ನೂ ಹಳೇ ಬಟ್ಟೆಯ ಮೇಲೆ ಕಲಿಯುತ್ತಿದ್ದೇನೆ, ಅದರ ಕಥೆ ಇನ್ನೊಂದು ದಿನ.

ಇನ್ನು ಸದ್ದು. ಕಟಕಟ ಕಟಕಟ ಅಂತ, ಯಾರೋ ಅಡಿಕೆ ಕತ್ತರಿಸುತ್ತಾ ಕೂತ ಹಾಗೆ. ನನಗೆ ಬಿಡುವು ಸಿಗೋದೇ ರಾತ್ರಿ ಮಗಳು ಮಲಗಿದ ಮೇಲೆ. ಮೊದಲ ವಾರವೇ ಅವಳು ಎರಡು ಸಲ ಎದ್ದು ಬಂದಳು. ಮಷೀನು ರಾತ್ರಿಗೆ ಬಂದ್ ಆಯಿತು. ಸಿಟ್ಟು ಬಂದಿತ್ತು, ಸುಳ್ಳು ಹೇಳೋದಿಲ್ಲ. ಸುಮ್ನೆ ಕೂರುವ ಬದಲು ಅಂತ ಕೌದಿಯ ನಡುವಿನ ಚೌಕಗಳನ್ನು ಕೈಯಲ್ಲಿ ಹೊಲಿಯಲು ಶುರು ಮಾಡಿದೆ.

ಕೈ ಹೊಲಿಗೆಗೆ ಅಂತಲೇ ಬರುವ ಗಿಡ್ಡ ಸೂಜಿ ತಂದೆ, 10ನೇ ನಂಬರು. ನಂಬರು ಏರಿದಷ್ಟೂ ಸೂಜಿ ಚಿಕ್ಕದು. ಮಧ್ಯದ ಬೆರಳಿಗೆ ಥಿಂಬಲ್, ಅಂದರೆ ಸೂಜಿ ತಳ್ಳಲು ಹಾಕುವ ಬೆರಳ ಟೋಪಿ. ರಿಂಗಿನಲ್ಲಿ ಬಟ್ಟೆಯನ್ನು ಕಸೂತಿಗೆ ಎಳೆದ ಹಾಗೆ ತಮಟೆಯಂತೆ ಬಿಗಿಯಬಾರದು, ಸ್ವಲ್ಪ ಸಡಿಲ ಬಿಡಬೇಕು ಅನ್ನೋದು ಗೊತ್ತಾಗಲು ತಿಂಗಳು ಹಿಡಿಯಿತು. ಸಡಿಲ ಇದ್ದರೆ ಸೂಜಿ ತೊಟ್ಟಿಲಿನ ಹಾಗೆ ಮೇಲೆ ಕೆಳಗೆ ತೂಗುತ್ತದೆ. ಕೆಳಗಿನ ಕೈಯ ಬೆರಳಿಗೆ ತುದಿ ತಾಕಿದ ಕೂಡಲೇ ಮೇಲಕ್ಕೆ ತಿರುಗಿಸಬೇಕು. ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಗೆ ಪೋಣಿಸಿಕೊಂಡು ಒಟ್ಟಿಗೆ ಎಳೆಯೋದು.

ನನಗೆ ಎಲ್ಲಕ್ಕಿಂತ ಇಷ್ಟ ಗಂಟು ನುಂಗಿಸುವುದು. ದಾರದ ತುದಿಗೆ ಚಿಕ್ಕ ಗಂಟು ಹಾಕಿ, ಒಂದಿಂಚು ದೂರದಿಂದ ಸೂಜಿಯನ್ನು ಹತ್ತಿಯೊಳಗೆ ತೂರಿಸಿ, ಹೊಲಿಗೆ ಶುರುವಾಗುವ ಜಾಗದಲ್ಲಿ ಮೇಲೆ ತಂದು, ಮೆಲ್ಲಗೆ ಒಂದು ಎಳೆತ ಎಳೆದರೆ ‘ಟಪ್’ ಅಂತ ಗಂಟು ಬಟ್ಟೆ ದಾಟಿ ಒಳಗೆ ಕೂರುತ್ತದೆ. ನಿಶ್ಶಬ್ದ ಇದ್ದರೆ ಮಾತ್ರ ಆ ಟಪ್ ಕೇಳೋದು. ಮೊದಲು ಇಂಚಿಗೆ 5 ಹೊಲಿಗೆ ಬೀಳುತ್ತಿತ್ತು, ಈಗ 8 ಬೀಳುತ್ತದೆ. ಪಳಗಿದವರು 10, 12 ಹಾಕುತ್ತಾರೆ. ಒಂದು ಎಚ್ಚರಿಕೆ: ಕೈ ಹೊಲಿಗೆಯ ಮೇಣ ಸವರಿದ ದಾರವನ್ನು ಮಷೀನಿಗೆ ಹಾಕಬೇಡಿ, ಆ ಮೇಣ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳಿಗೆ ಅಂಟುತ್ತದೆ.

ಕೊಳ್ಳಬೇಕಾ? ಮಷೀನ್ ಕಂಪನಿಯದ್ದೇ ಫುಟ್ ನನ್ನ ಕೈಗೆ ಎಟುಕಲಿಲ್ಲ, ಅಗ್ಗದ್ದು ತಂದೆ. ಆ ಲೆಕ್ಕದಲ್ಲಿ ನೋಡಿದರೆ ಮೋಸ ಇಲ್ಲ. ನಿಮ್ಮ ಮಷೀನು ಲೋ ಶ್ಯಾಂಕೋ ಹೈ ಶ್ಯಾಂಕೋ, ಅಂದರೆ ಫುಟ್ ಕೂರುವ ಜಾಗದ ಎತ್ತರ ಕಡಿಮೆಯೋ ಜಾಸ್ತಿಯೋ, ನೋಡಿಕೊಂಡು ಆರ್ಡರ್ ಮಾಡಿ. ನಾನು ನೋಡದೆ ತರಿಸಿ ಒಂದನ್ನು ವಾಪಸ್ ಕಳಿಸಿದ್ದೇನೆ. ವರ್ಷಕ್ಕೆ ಒಂದೆರಡು ದಿಂಬಿನ ಕವರು ಹೊಲಿಯುವವರು ಪಿನ್ನು ಜಾಸ್ತಿ ಹಾಕಿಕೊಂಡು ಮಾಮೂಲಿ ಫುಟ್‌ನಲ್ಲೇ ಸುಧಾರಿಸಬಹುದು. ಹಾಸಿಗೆ ಅಗಲದ್ದು ಹೊಲಿಯುವವರಿಗೆ ಇದಿಲ್ಲದೆ ಆಗೋದಿಲ್ಲ.

ಈಗ ಎರಡನೇ ದೊಡ್ಡ ಕೌದಿ ನಡೆಯುತ್ತಿದೆ. ಉದ್ದ ಗೆರೆಗಳೆಲ್ಲ ಹಗಲು ಮಷೀನಿನಲ್ಲಿ ಮುಗಿದಿವೆ, ಚೌಕಗಳು ರಾತ್ರಿಯ ಪಾಲು. ಇನ್ನು ಹನ್ನೊಂದು ಉಳಿದಿವೆ. ನಿನ್ನೆ ಒಂದು ಮುಗಿಸೋಣ ಅಂತ ಕೂತವಳು ಎರಡು ಮುಗಿಸಿ ಎದ್ದೆ.