ತೋಟಾಗಳಿಗೆ ಯಾವ ಪೆಟ್ಟಿಗೆ? ಉಕ್ಕಿನ ಡಬ್ಬಿ, ಪ್ಲಾಸ್ಟಿಕ್ ಡಬ್ಬಿ ಮತ್ತು ತಗಡಿನ ಕಪಾಟಿನ ಹೋಲಿಕೆ

ಕೋವಿಗೆ ತಪ್ಪದೆ ಬೀಗ ಹಾಕುವವರೂ ತೋಟಾಗಳನ್ನು ಬಟ್ಟೆ ಬೀರುವಿನ ಮೇಲಿನ ಅರೆಯಲ್ಲಿಟ್ಟು ಮರೆಯುವುದುಂಟು. ನಾನೂ ಹಲವು ವರ್ಷ ಹಾಗೆಯೇ ಇಟ್ಟವನು. ಒಂದು ಮಳೆಗಾಲ ಕಳೆದ ಮೇಲೆ ಪೊಟ್ಟಣ ಬಿಚ್ಚಿದಾಗ ರಟ್ಟು ಮೆತ್ತಗಾಗಿತ್ತು. ಹಿತ್ತಾಳೆಯ ಬುಡದ ಸುತ್ತ, ಕೇಪಿನ (ಬುಡದ ನಡುವಿನ, ಹೊಡೆತಕ್ಕೆ ಕಿಡಿ ಹಾರಿಸುವ ಪುಟ್ಟ ಬಟ್ಟಲಿನ) ಅಂಚಿನವರೆಗೂ, ಹಸಿರು ಕಿಲುಬು ಉಂಗುರದಂತೆ ಕಟ್ಟಿತ್ತು. ಅವನ್ನು ಹಾರಿಸುವ ಧೈರ್ಯವಾಗದೆ ಪರವಾನಗಿಯುಳ್ಳ ವ್ಯಾಪಾರಿಗೆ ಒಪ್ಪಿಸಿದೆ. ಬಳಿಕ ಎರಡು ವರ್ಷ, ಒಂದೇ ಕೋಣೆಯಲ್ಲಿ, ಮೂರು ಬಗೆಯ ಪೆಟ್ಟಿಗೆಗಳನ್ನು ಒಟ್ಟಿಗೆ ಇಟ್ಟು ನೋಡಿದೆ: ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ ಸೈನ್ಯದ ಮಾದರಿಯ ಉಕ್ಕಿನ ಡಬ್ಬಿ, ಅದೇ ಆಕಾರದ ಪ್ಲಾಸ್ಟಿಕ್ ಡಬ್ಬಿ, ಮತ್ತು ಬೀಗವಿರುವ ತೆಳು ತಗಡಿನ ಕಪಾಟು.

ಮೂರರೊಳಗೂ ಒಂದೊಂದು ತೇವಮಾಪಕವನ್ನು ಇಟ್ಟಿದ್ದೆ. ಅಗ್ಗದ ಮಾಪಕಗಳ ಮಾತನ್ನು ಹಾಗೆಯೇ ನಂಬುವಂತಿಲ್ಲ. ಸೀಸೆಯ ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಒದ್ದೆಯಾಗುವಷ್ಟು ಮಾತ್ರ ನೀರು ಹಾಕಿ, ಅದರ ಜೊತೆಗೆ ಮಾಪಕವನ್ನೂ ಗಾಳಿಯಾಡದ ಚೀಲದಲ್ಲಿ ಒಂದು ದಿನ ಮುಚ್ಚಿಟ್ಟರೆ ಅದು ಶೇ. 75ರ ಆಸುಪಾಸು ತೋರಿಸಬೇಕು. ನನ್ನ ಮೂರರಲ್ಲಿ ಒಂದು 69 ತೋರಿಸಿತು, ಆ ವ್ಯತ್ಯಾಸವನ್ನು ಕೂಡಿಸಿಕೊಂಡೇ ಮುಂದಿನ ಲೆಕ್ಕ ಬರೆದೆ.

ತೇವವನ್ನು ತಡೆಯುವುದರಲ್ಲಿ ಉಕ್ಕಿನ ಡಬ್ಬಿಗೆ ಸಾಟಿಯಿಲ್ಲ. ಹೊರಗೆ ಶೇ. 85 ಇದ್ದ ವಾರಗಳಲ್ಲೂ ಒಳಗೆ 40 ದಾಟಲಿಲ್ಲ. ಆದರೆ ಮೊದಲ ಸಲ ನಾನೇ ಎಡವಿದ್ದೆ: ಮಳೆ ಸುರಿಯುತ್ತಿದ್ದ ದಿನ ತುಂಬಿ ಮುಚ್ಚಿದ್ದರಿಂದ ಒದ್ದೆ ಗಾಳಿಯೂ ಒಳಗೇ ಸೆರೆಯಾಯಿತು, ತೇವ ಹೀರಲೆಂದು ಇಟ್ಟಿದ್ದ ಸಿಲಿಕಾ ಜೆಲ್‌ನ ಕಿತ್ತಳೆ ಹರಳುಗಳು ನಾಲ್ಕೇ ದಿನಗಳಲ್ಲಿ ತೇವ ತುಂಬಿ ಹಸಿರಾದವು. ಒಣ ಹವೆಯ ದಿನ ತುಂಬಬೇಕು, ಹರಳುಗಳನ್ನು ಆಗಾಗ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಬೇಕು. ಇನ್ನೊಂದು ತೊಡಕು ಭಾರ. 12 ಬೋರಿನ ಒಂದು ತೋಟಾ 40ರಿಂದ 50 ಗ್ರಾಂ ತೂಗುವುದರಿಂದ ನೂರು ತುಂಬಿದರೆ ಐದು ಕಿಲೋದ ಸಮೀಪ ಬರುತ್ತದೆ. ಅಂಥದ್ದನ್ನು ಎತ್ತರದ ಅರೆಯಲ್ಲಿ ಇಡುವುದು ಬುದ್ಧಿವಂತಿಕೆಯಲ್ಲ.

ಪ್ಲಾಸ್ಟಿಕ್ ಡಬ್ಬಿ ಹಗುರ, ತುಕ್ಕಿನ ಭಯವೂ ಇಲ್ಲ. ಎರಡನೆಯ ವರ್ಷ ಸೊಂಟದ ಎತ್ತರದಿಂದ ಒಮ್ಮೆ ಬಿದ್ದಾಗ ಕೊಂಡಿ ಸೀಳಿತು, ಅಲ್ಲಿಂದಾಚೆಗೆ ಒಳಗಿನ ತೇವ ಕೋಣೆಯ ತೇವಕ್ಕೆ ಸಮನಾಯಿತು. ಬೀಗದ ತೂತಿದ್ದರೂ ಒಂದು ಸ್ಕ್ರೂಡ್ರೈವರಿಗೆ ಬಾಯಿ ಬಿಡುವ ಪೆಟ್ಟಿಗೆಯದು. ಮಕ್ಕಳಿರುವ ಮನೆಗೆ ಅದೊಂದನ್ನೇ ನಾನು ಹೇಳಲಾರೆ.

ತಗಡಿನ ಕಪಾಟು ತೇವದಲ್ಲಿ ಸೋತಿತು, ಮಳೆಗಾಲದಲ್ಲಿ ಶೇ. 65ರವರೆಗೂ ಏರಿತು. ಆದರೂ ನನ್ನ ಆಯ್ಕೆ ಅದೇ, ಏಕೆಂದರೆ ಬೆಂಕಿಯ ಮಾತು ಬಂದಾಗ ಲೆಕ್ಕ ತಿರುಗುತ್ತದೆ. ಕೋವಿಯ ನಳಿಗೆಯೊಳಗಿಲ್ಲದ ತೋಟಾ ಬೆಂಕಿಯಲ್ಲಿ ಸಿಡಿದರೆ ಗುಂಡು ಕೋವಿಯಿಂದ ಹೊರಟ ವೇಗದಲ್ಲಿ ಹಾರುವುದಿಲ್ಲ. ಹಗುರವಾದ ಕವಚ ಮತ್ತು ಕೇಪಿನ ಚೂರುಗಳೇ ಹೆಚ್ಚು ಚಿಮ್ಮುತ್ತವೆ. ತೆಳು ತಗಡು ಆ ಒತ್ತಡಕ್ಕೆ ಬಾಗಿ ದಾರಿ ಬಿಡುತ್ತದೆ, ಗಾಳಿಯಾಡದ ದಪ್ಪ ಉಕ್ಕಿನ ತಿಜೋರಿಯಾದರೋ ಅದನ್ನು ಹಿಡಿದಿಟ್ಟುಕೊಂಡು ತಾನೇ ಬಾಂಬಾಗಬಹುದು. ಆದ್ದರಿಂದ ತಿಜೋರಿಯನ್ನು ನಾನು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ.

ಪೆಟ್ಟಿಗೆಯಷ್ಟೇ ಅದನ್ನಿಡುವ ಜಾಗವೂ ಮುಖ್ಯ. ಬಿಸಿಲಿಗೆ ಕಾಯುವ ಅಟ್ಟದಲ್ಲಿ ಮದ್ದು ತಾನಾಗಿ ಕೆಡದಂತೆ ಅದರೊಳಗೆ ಬೆರೆಸಿರುವ ಸ್ಥಿರಕಾರಕ ಬೇಗ ಸವೆಯುತ್ತದೆ. ಹಟ್ಟಿಯ ಪಕ್ಕವೂ ಬೇಡ: ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲಕ್ಕೆಂದು ಕುದುರೆ ಲಾಯಗಳಲ್ಲಿ ಕೂಡಿಟ್ಟ ತೋಟಾಗಳ ಹಿತ್ತಾಳೆ ಸುಮ್ಮನೆ ಇದ್ದಲ್ಲೇ ಸೀಳುತ್ತಿತ್ತು, ಮೂತ್ರದಿಂದೇಳುವ ಅಮೋನಿಯ ಅದಕ್ಕೆ ಕಾರಣವೆಂದು 1921ರಲ್ಲಿ ವಿವರಣೆ ಸಿಕ್ಕಿತು. ತೊಗಲಿನ ಪಟ್ಟಿಯಲ್ಲಿ ಸಿಕ್ಕಿಸಿಟ್ಟರೂ ಕಿಲುಬು ತಪ್ಪದು, ಹದ ಮಾಡಿದ ತೊಗಲಿನ ಆಮ್ಲವೇ ಹಿತ್ತಾಳೆಯನ್ನು ತಿನ್ನುತ್ತದೆ.

ಈಗ ಬಳಕೆಯ ತೋಟಾಗಳು ಕಾರ್ಖಾನೆಯ ರಟ್ಟಿನ ಪೊಟ್ಟಣದಲ್ಲೇ, ಕೊಂಡ ತಿಂಗಳನ್ನು ಮೇಲೆ ಬರೆದು, ಹಳೆಯವು ಮುಂದಿರುವಂತೆ ಕಪಾಟಿನ ಕೆಳಗಿನ ಅರೆಯಲ್ಲಿವೆ. ಜೊತೆಗೆ ಅರ್ಧ ಕಿಲೋ ಸಿಲಿಕಾ ಜೆಲ್ ಇಟ್ಟ ಮೇಲೆ ತೇವ 50ರ ಸುತ್ತ ನಿಂತಿದೆ. ವರ್ಷಗಟ್ಟಲೆ ಮುಟ್ಟದವು ಮಾತ್ರ ಅದೇ ಕಪಾಟಿನೊಳಗೆ ಉಕ್ಕಿನ ಡಬ್ಬಿಯಲ್ಲಿವೆ. ಕೋವಿ ಬೇರೆ ಕೋಣೆಯಲ್ಲಿದೆ. ಎರಡರ ಕೀಲಿಕೈಗಳೂ ಮೊದಲು ಒಂದೇ ಗೊಂಚಲಿನಲ್ಲಿದ್ದವು, ಹಾಗಿದ್ದರೆ ಬೇರೆಬೇರೆ ಇಟ್ಟೂ ಏನು ಬಂತೆಂದು ನನ್ನ ಹೆಂಡತಿ ಕೇಳಿದ ದಿನವೇ ಅವನ್ನು ಬಿಡಿಸಿಟ್ಟೆ. ಕೊಂಡಿ ಮುರಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೋವಿ ಒರೆಸುವ ಬಟ್ಟೆ, ಎಣ್ಣೆ ಇವೆ; ಎಣ್ಣೆ ಕೇಪಿನೊಳಗೆ ಇಳಿದರೆ ತೋಟಾ ಹಾರದೆ ಹೋಗುವುದರಿಂದ ಅದಕ್ಕೆ ಕಪಾಟಿನಲ್ಲಿ ಜಾಗ ಕೊಟ್ಟಿಲ್ಲ.