ಮಫಲ್ ಕುಲುಮೆ: 1200 ಡಿಗ್ರಿ ನೋಡಿ ಮರುಳಾಗಬೇಡಿ

ಶಿವಮೊಗ್ಗದಲ್ಲಿ ನಮ್ಮದು ಅದಿರು ಪರೀಕ್ಷಿಸುವ ಸಣ್ಣ ಲ್ಯಾಬ್. ಅದಿರಿನೊಳಗಿನ ಚಿನ್ನವನ್ನು ಕರಗಿಸಿ ತೆಗೆಯೋದು ಸಯನೈಡ್ ದ್ರಾವಣ. ಸಯನೈಡ್‌ಗೆ ಜಗ್ಗದ ಚಿನ್ನದ ಅದಿರನ್ನು ಮೊದಲು ಹುರಿಯೋಕೆ ಈ ಮಫಲ್ ಕುಲುಮೆಯನ್ನು (ಕರೆಂಟಿನಿಂದ ಕಾಯುವ ಮುಚ್ಚಿದ ಒಲೆ) ವರ್ಷಗಳಿಂದ ಬಳಸುತ್ತಿದ್ದೇವೆ. ಹೊನ್ನಾಳಿ ಹತ್ತಿರ ಕುದುರೆಕೊಂಡದಲ್ಲಿ ಹಳೇ ಚಿನ್ನದ ಗಣಿ ಇರೋದರಿಂದ "ಏನಾದ್ರೂ ಸಿಕ್ತಾ ಮಾರಾಯ್ರೆ?" ಅಂತ ಕೇಳೋರಿಗೇನೂ ಬರವಿಲ್ಲ. ಟನ್ನಿಗೆ ಕೆಲವೇ ಗ್ರಾಂ ಚಿನ್ನ ಇದ್ದರೂ ಒಳ್ಳೆ ಅದಿರೇ. ನಮ್ಮ ಟ್ರೇಯಲ್ಲಿ ಕಣ್ಣಿಗೆ ಕಾಣೋದು ಬರೀ ಪುಡಿ.

ಚಿನ್ನ ಆರ್ಸೆನೋಪೈರೈಟ್ (ಕಬ್ಬಿಣ, ಆರ್ಸೆನಿಕ್, ಗಂಧಕದ ಖನಿಜ), ಪೈರೈಟ್ (ಕಬ್ಬಿಣ, ಗಂಧಕದ ಖನಿಜ) ಕಣಗಳ ಒಳಗೇ ಹುದುಗಿದ್ದರೆ ನುಣ್ಣಗೆ ಅರೆದರೂ ದ್ರಾವಣ ಅದನ್ನು ಮುಟ್ಟುವುದಿಲ್ಲ. ಹುರಿದಾಗ ಗಂಧಕ, ಆರ್ಸೆನಿಕ್ ಹೊಗೆಯಾಗಿ ಹೋಗಿ, ತೂತುತೂತಾದ ಕೆಂಪು ಕಬ್ಬಿಣದ ಆಕ್ಸೈಡ್ ಉಳಿಯುತ್ತದೆ. ಕರಗಿದ ಚಿನ್ನವನ್ನು ಮತ್ತೆ ಹೀರಿಕೊಳ್ಳುವ ಇಂಗಾಲವಿದ್ದರೆ ಅದೂ ಸುಡುತ್ತದೆ.

ಮಾರುವವರು 1200 ಡಿಗ್ರಿ ಅಂತ ಹೊಗಳುತ್ತಾರೆ. ನಮ್ಮ ಕೆಲಸ 650ರೊಳಗೇ ಮುಗಿಯುತ್ತದೆ. ಮೊದಲು 450–500ರಲ್ಲಿ, ಗಾಳಿ ಕಡಿಮೆ ಕೊಟ್ಟು ಆರ್ಸೆನಿಕ್ ಓಡಿಸಬೇಕು. ಆಗಲೇ ಗಾಳಿ ಜಾಸ್ತಿಯಾದರೆ ಅದು ಕಬ್ಬಿಣದ ಜೊತೆ ಸೇರಿ ಆರ್ಸೆನೇಟ್ ಆಗಿ ಚಿನ್ನವನ್ನು ಮತ್ತೆ ಮುಚ್ಚುತ್ತದೆ. ಆಮೇಲೆ 600–650ಕ್ಕೆ ಏರಿಸಿ ಧಾರಾಳ ಗಾಳಿ. 700 ದಾಟಿತೋ, ತೂತುಗಳು ಮುಚ್ಚತೊಡಗುತ್ತವೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈ ಲೆಕ್ಕದಲ್ಲಿ ಕಂಟ್ರೋಲರ್‌ಗೆ ಪೂರ್ತಿ ಅಂಕ: ಇಟ್ಟ ಶಾಖ ಬಿಟ್ಟು ಕದಲುವುದಿಲ್ಲ. ಗಾಳಿ ವಿಷಯದಲ್ಲಿ ಮಾತ್ರ ದಡ್ಡ ವಿನ್ಯಾಸ. ಮೇಲಿರುವ ಒಂದು ತೂತಿನ ಹೊರತು ಗಾಳಿ ಒಳಬರಲು ದಾರಿಯೇ ಇಲ್ಲ. ಹಿಂದುಗಡೆ ಪಿಂಗಾಣಿ ಕೊಳವೆ ಕೂರಿಸಿ, ಮೀನಿನ ತೊಟ್ಟಿಯ ಪಂಪ್ ಸಿಕ್ಕಿಸಿಕೊಂಡೆವು. ಬಾಗಿಲ ಕಡೆ ಶಾಖ ಕಡಿಮೆ, ಶಾಖ ಅಳೆಯುವ ಥರ್ಮೋಕಪಲ್ ಇರೋದು ಹಿಂದೆ. ಟ್ರೇ ಪಕ್ಕಕ್ಕೆ ಇನ್ನೊಂದು ಇಟ್ಟುಕೊಳ್ಳಿ.

ಮಲೆನಾಡಿನ ಮಳೆಗಾಲ ಇದಕ್ಕೆ ಆಗಿಬರುವುದಿಲ್ಲ. ಒಳಗಿನ ಇಟ್ಟಿಗೆ ತೇವ ಕುಡಿಯುತ್ತದೆ, ನಿಧಾನಕ್ಕೆ ಬಿಸಿ ಮಾಡಿ ಒಣಗಿಸಿಯೇ ಶುರು ಮಾಡಬೇಕು. ಗಂಧಕದ ಹೊಗೆಗೆ ತೇವ ಸೇರಿ ಆಸಿಡ್ ಆಗಿ ಬಾಗಿಲ ಕೀಲು ತುಕ್ಕು ತಿಂದಿದೆ. ಸರ್ವಿಸ್‌ನವರು ಬೆಂಗಳೂರಿನಿಂದ ಬರಬೇಕು, ಬರುವಷ್ಟರಲ್ಲಿ ಊರಿನ ವೆಲ್ಡಿಂಗ್ ಶಾಪಿನವರೇ ಸರಿಮಾಡಿ ಕೊಟ್ಟಿದ್ದರು. ಹುರಿಯುವ ಮಧ್ಯೆ ಕರೆಂಟ್ ಹೋದರೆ ಆ ಸ್ಯಾಂಪಲ್ ಬೇರೆಯವುಗಳ ಜೊತೆ ಹೋಲಿಸಲು ಬರುವುದಿಲ್ಲ.

ಹೊಗೆ ಎಳೆಯುವ ಹುಡ್, ಆ ಹೊಗೆಯನ್ನು ತೊಳೆಯುವ ಕಾಸ್ಟಿಕ್ ಸೋಡಾ ಸ್ಕ್ರಬ್ಬರ್ ಇಲ್ಲದವರು ಈ ಕೆಲಸಕ್ಕೆ ಕೈಹಾಕಲೇಬೇಡಿ. ಹೊಗೆ ಕೊಳವೆಯಲ್ಲಿ ಕೂರುವ ಬಿಳಿ ಪುಡಿ ಆರ್ಸೆನಿಕ್‌ನದೇ, ಅಪ್ಪಟ ಪಾಷಾಣ. ಗುಡಿಸಿ ತಿಪ್ಪೆಗೆ ಎಸೆಯುವಂಥದ್ದಲ್ಲ, ಅಪಾಯಕಾರಿ ತ್ಯಾಜ್ಯವೆಂದೇ ಒಪ್ಪಿಸಬೇಕು.

ಐದಕ್ಕೆ ಮೂರೂವರೆ. ಗಾಳಿ ಕೊಳವೆಯನ್ನು ಕಂಪನಿಯವರೇ ಕೂರಿಸಿ ಕೊಟ್ಟರೆ ನಾಲ್ಕೂವರೆ.