ಆನ್‌ಲೈನ್ ಡೇರೆ ಗಡ್ಡೆಯ ಪೊಟ್ಟಣ: ಬೆಂಗಳೂರಿನ ತೋಟಕ್ಕೆ ಕೊಳ್ಳಬಹುದೇ?

ಅಂಕ: ಐದಕ್ಕೆ ಎರಡೂವರೆ.

‘ಮಿಕ್ಸ್ ಕಲರ್’ ಎಂದು ಮಾರುವ ಐದು ಡೇರೆ (ಡೇಲಿಯಾ ಹೂಗಿಡದ) ಗಡ್ಡೆಗಳ ಪೊಟ್ಟಣ ಇದು. ಮೂರು ಗಡ್ಡೆ ಗಟ್ಟಿಯಾಗಿದ್ದವು, ಒಂದರ ಕತ್ತು (ಗಡ್ಡೆ ಹಳೆಯ ಕಾಂಡಕ್ಕೆ ಸೇರುವ ಸಣ್ಣ ಭಾಗ) ಮುರಿದಿತ್ತು, ಇನ್ನೊಂದಕ್ಕೆ ಕತ್ತೇ ಇರಲಿಲ್ಲ. ನೋಡಲು ಅತಿ ದಪ್ಪಗಿದ್ದದ್ದು ಆ ಕೊನೆಯದೇ. ಅದು ಬೇರು ಬಿಟ್ಟರೂ ಎಂದಿಗೂ ಚಿಗುರುವುದಿಲ್ಲ. ಆಲೂಗಡ್ಡೆಗೆ ಮೈತುಂಬ ಚಿಗುರೊಡೆಯುವ ಕಣ್ಣು. ಡೇರೆಗೆ ಹಳೆಯ ಕಾಂಡ ಸೇರಿದ್ದ ತುದಿಯಲ್ಲಿ ಮಾತ್ರ. ಆದ್ದರಿಂದ ಪೊಟ್ಟಣ ಬಂದ ಕೂಡಲೇ ಗಾತ್ರ ನೋಡಬೇಡಿ, ಕತ್ತು ನೋಡಿ. ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿದಾಗ ಕತ್ತು ಲಟಕ್ಕನೆ ಬಾಗಿದರೆ ಫೋಟೊ ತೆಗೆದು ವಾಪಸ್ ಮಾಡಿ. ಮೆತ್ತಗಾಗಿ ವಾಸನೆ ಬರುವುದನ್ನು ಎಸೆಯಿರಿ. ಬರೀ ಸುಕ್ಕುಗಟ್ಟಿದ್ದರೆ ಚಿಂತೆಯಿಲ್ಲ; ಹಿಂಡಿದರೆ ನೀರು ಬಾರದಷ್ಟು ತೇವದ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಕೆಲವು ದಿನ ಹೂತಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ.

ಪೊಟ್ಟಣದ ಹಿಂದೆ ‘ನೆಟ್ಟು ದಿನವೂ ನೀರು ಹಾಕಿ’ ಎಂದಿದೆ. ಇದನ್ನು ಪಾಲಿಸಿದರೆ ಒಳ್ಳೆಯ ಗಡ್ಡೆಯೂ ಕೊಳೆಯುತ್ತದೆ. ಬೇರೇ ಇಲ್ಲದ ಗಡ್ಡೆ ನೀರು ಕುಡಿಯುವುದಾದರೂ ಹೇಗೆ? ನೆಡುವಾಗ ಮಣ್ಣು ಹಸಿಯಾಗಿದ್ದರೆ ಸಾಕು. ಚಿಗುರು ಮೇಲೆ ಕಾಣುವ ತನಕ, ಅಂದರೆ ಎರಡರಿಂದ ನಾಲ್ಕು ವಾರ, ಕೈ ಕಟ್ಟಿ ಕೂರಬೇಕು.

ಕಾಲದ ಬಗ್ಗೆ ಸೂಚನೆಯಲ್ಲಿ ಒಂದಕ್ಷರವಿಲ್ಲ. ಮಲೆನಾಡಿನ ಅಂಗಳಗಳಲ್ಲಿ ಡೇರೆ ಮಳೆಗಾಲದಲ್ಲೇ ಅರಳುತ್ತದೆ, ನಿಜ. ಬೆಂಗಳೂರಲ್ಲೂ ಮೇ ತಿಂಗಳಲ್ಲಿ ಏರುಮಡಿ ಮಾಡಿ ನೆಡಬಹುದು. ಆದರೆ ಇಲ್ಲಿ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಭಾರದ ಹೂಗಳು ನೀರು ಕುಡಿದು ಕಾಂಡ ಸಮೇತ ಬೀಳುತ್ತವೆ. ಅಕ್ಟೋಬರ್ ಹೊತ್ತಿಗೆ ಮಳೆ ತಾಗದ ಕಡೆ ಕುಂಡದಲ್ಲಿ ನೆಟ್ಟು, ಮಳೆ ನಿಂತ ಮೇಲೆ ಬಿಸಿಲಿಗೆ ತರುವುದು ನಮ್ಮ ಆಯ್ಕೆ. ನೆಟ್ಟ ಹತ್ತು–ಹನ್ನೆರಡು ವಾರಕ್ಕೆ ಹೂ; ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಪ್ರದರ್ಶನದ ಹೊತ್ತಿಗೆ ನಿಮ್ಮ ಮನೆಯಲ್ಲೂ ಮೊಗ್ಗು ಬಿರಿದಿರುತ್ತದೆ.

12 ಇಂಚಿನ ಕುಂಡಕ್ಕೆ ಒಂದೇ ಗಡ್ಡೆ. ಕೆಮ್ಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು, ದಪ್ಪ ಮರಳು ಒಂದು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಗಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲಿರಲಿ, ಮೇಲೆ ನಾಲ್ಕು ಇಂಚು ಮಣ್ಣು. ಊರುಗೋಲನ್ನು ಅದೇ ದಿನ ನೆಡಿ. ಆಮೇಲೆ ಚುಚ್ಚಿದರೆ ಗಡ್ಡೆಗೇ ತಿವಿಯುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ನಡುಕುಡಿ ಚಿವುಟಿ. ಮನಸ್ಸು ಒಪ್ಪುವುದಿಲ್ಲ, ಆದರೂ ಚಿವುಟಿ: ಪಕ್ಕದ ಕವಲುಗಳೆಲ್ಲ ಹೂ ಕೊಡುವುದು ಅದರಿಂದಲೇ. ಯೂರಿಯಾ ಬೇಡ, ಎಲೆ ಸೊಕ್ಕಿ ಹೂ ಹಿಂದಾಗುತ್ತದೆ.

ಅಂಚಿನ ಸಾಲಿಗೆಂದು ಕೊಳ್ಳುವವರಿಗೆ ಈ ಪೊಟ್ಟಣದ ದೊಡ್ಡ ಕೊರತೆ ಬೇರೆಯೇ ಇದೆ: ಎತ್ತರ ನಮೂದಿಸಿಲ್ಲ. ಚಿಗುರಿದ ಮೂರರಲ್ಲಿ ಒಂದು ಒಂದೂವರೆ ಅಡಿಗೆ ನಿಂತಿತು, ಇನ್ನೊಂದು ನಾಲ್ಕು ಅಡಿ ದಾಟಿತು. ನೇರ ಪಾತಿಗೆ ಹಾಕಿದ್ದರೆ ಗಿಡ್ಡದ್ದು ಹಿಂದೆ ಸಿಕ್ಕಿ ಕಾಣದೇ ಹೋಗುತ್ತಿತ್ತು. ಮೊದಲ ವರ್ಷ ಕುಂಡದಲ್ಲೇ ಬೆಳೆಸಿ ಬಣ್ಣ, ಎತ್ತರ ಬರೆದಿಟ್ಟು, ಮರುವರ್ಷ ಸಾಲಿಗೆ ಇಳಿಸಿ: ಗಿಡ್ಡ ಜಾತಿಗೆ ಒಂದಡಿ ಅಂತರ, ಎತ್ತರದ್ದಕ್ಕೆ ಎರಡಡಿ. ಈ ವರ್ಷವೇ ಸಾಲು ತುಂಬಬೇಕಿದ್ದರೆ ನರ್ಸರಿಯಲ್ಲಿ ಮೊಗ್ಗು ಬಿಟ್ಟ ಗಿಡವನ್ನೇ ಆರಿಸುವುದು ಮೇಲು. ದುಡ್ಡು ಹೆಚ್ಚಾದರೂ ಬಣ್ಣ ಕಣ್ಣೆದುರಿಗಿರುತ್ತದೆ. ಎಲೆಯಲ್ಲಿ ನರದುದ್ದಕ್ಕೂ ಹಳದಿ ಮಚ್ಚೆಯಿದ್ದು ಗಿಡ ಮುರುಟಿದ್ದರೆ ಅಗ್ಗಕ್ಕೆ ಕೊಟ್ಟರೂ ಬೇಡ. ಅದು ವೈರಸ್, ಗಡ್ಡೆಯಲ್ಲೇ ಉಳಿಯುತ್ತದೆ, ಮದ್ದಿಲ್ಲ.

ಹೂದಾನಿಗೆ ಬೇಕಾದವರು ನಡುಮೊಗ್ಗನ್ನು ಉಳಿಸಿ ಅಕ್ಕಪಕ್ಕದ ಎರಡನ್ನು ಬಟಾಣಿ ಗಾತ್ರದಲ್ಲೇ ತೆಗೆಯಿರಿ, ತೊಟ್ಟು ಉದ್ದವಾಗುತ್ತದೆ. ಡೇರೆ ಮೊಗ್ಗು ಕೊಯ್ದ ಮೇಲೆ ಅರಳುವುದು ಅಪರೂಪ. ಮುಕ್ಕಾಲು ಅರಳಿದ್ದನ್ನು ಬೆಳಗ್ಗೆಯೇ, ಹಿಂದಿನ ಸಾಲಿನ ಎಸಳು ಬಿಗಿಯಾಗಿರುವಾಗ ಕೊಯ್ಯಿರಿ. ತೊಟ್ಟಿನ ತುದಿಯನ್ನು ಎರಡಿಂಚು ಬಿಸಿನೀರಲ್ಲಿ, ಕೈ ತಾಳದಷ್ಟು ಬಿಸಿಯಿರಲಿ, ಒಂದು ಗಂಟೆ ನಿಲ್ಲಿಸಿ ಆರಲು ಬಿಡಿ. ದಿನವೂ ನೀರು ಬದಲಿಸಿದರೆ ನಾಲ್ಕೈದು ದಿನ ಬಾಳುತ್ತದೆ. ಒಣಗಿದ ಹೂ ತೆಗೆಯುವಾಗ ಎಚ್ಚರ: ದುಂಡಗಿರುವುದು ಹೊಸ ಮೊಗ್ಗು, ಚೂಪಾಗಿರುವುದು ಮುಗಿದ ಹೂ.

ಫೆಬ್ರವರಿ ಬಿಸಿಲಿಗೆ ಎಲೆಯಡಿ ಕೆಂಪು ನುಸಿ ಹತ್ತುತ್ತದೆ. ಎಲೆಯ ಹಿಂಭಾಗಕ್ಕೆ ಜೋರಾಗಿ ನೀರು ಚಿಮುಕಿಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿ. ಗಿಡ ಹಳದಿಗಟ್ಟಿದ ಮೇಲೆ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಅಗೆದು ತೆಗೆಯಿರಿ. ಗಡ್ಡೆಗಳ ಗೊಂಚಲನ್ನು ಒಣ ಮರಳಲ್ಲಿ ನೆರಳಿಗಿಟ್ಟು, ನೆಡುವ ಮುಂಚೆ ಕಣ್ಣು ಉಬ್ಬಿದಾಗ ಬಿಡಿಸಿ, ಪ್ರತಿ ತುಂಡಿಗೂ ಹಳೆ ಕಾಂಡದ ಚೂರು ಅಂಟಿರುವಂತೆ.